ಲೇಖಕರ ಪರವಾಗಿ ಒಟ್ಟಾಗಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜೈಲಿಗೆ ಹೋದ, ಬೆದರಿಕೆಗೆ ಸಿಕ್ಕ, ಹಲ್ಲೆಗೊಳಗಾದ ಲೇಖಕರ ಬರಹವನ್ನು ಬೇರೆ ಲೇಖಕರು, ನಟರು, ಹಾಡುಗಾರರು ಬಹಿರಂಗವಾಗಿ ಸರದಿಯ ಮೇಲೆ ಓದುವ ಪದ್ಧತಿ ಜಗತ್ತಿನ ಹಲವೆಡೆ ಇದೆ. ಇದರ ಬಗ್ಗೆ ಸಭೆಗಳ ನಂತರದ ಮಾತುಕತೆಯಲ್ಲಿ, ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸರಳವಾದವು ಮೊದಲಿವೆ, ಜಗಳಕ್ಕೆ ಎಡೆಮಾಡುವಂಥವು ಕೊನೆಯಲ್ಲಿವೆ.

## ಮೊದಲ ಪರಿಚಯ

ಇದೂ ಒಂದು ಕವಿಗೋಷ್ಠಿಯೇ ಅಲ್ಲವೇ? ಬೇರೆ ಹೆಸರೇಕೆ?

ಕವಿಗೋಷ್ಠಿಯಲ್ಲಿ ಪ್ರತಿಯೊಬ್ಬರೂ ತಮ್ಮ ಕವಿತೆಯನ್ನು ಓದುತ್ತಾರೆ. ಇಲ್ಲಿ ವೇದಿಕೆ ಹತ್ತಿದವರು ತಮ್ಮದನ್ನು ಬದಿಗಿಟ್ಟು ಬೇರೊಬ್ಬರದನ್ನು ಓದುತ್ತಾರೆ. ಆ ಬೇರೊಬ್ಬರು ಅಲ್ಲಿಗೆ ಬರಲಾಗದವರು. 2010ರ ಡಿಸೆಂಬರ್ 10ರಂದು ಓಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪ್ರದಾನವಾದಾಗ ಚೀನಾದ ಲೇಖಕ ಲಿಯು ಶಿಯಾಬೊ ಸೆರೆಮನೆಯಲ್ಲಿದ್ದರು. ಅವರ ಕುರ್ಚಿಯನ್ನು ಖಾಲಿ ಬಿಟ್ಟು, ನ್ಯಾಯಾಲಯಕ್ಕಾಗಿ ಅವರು ಬರೆದಿದ್ದ ಹೇಳಿಕೆಯನ್ನು ನಟಿ ಲಿವ್ ಉಲ್ಮನ್ ಓದಿದರು. ಓದಿದ್ದು ಒಬ್ಬರೇ ಆದರೂ ಈ ಪದ್ಧತಿಯ ತಿರುಳು ಅದರಲ್ಲಿದೆ. ಲೇಖಕನನ್ನು ತಡೆದವರು ಅವನ ಮಾತನ್ನು ತಡೆಯಲಾಗಲಿಲ್ಲ ಎಂಬುದನ್ನು ಎಲ್ಲರ ಕಿವಿಗೆ ಬೀಳುವಂತೆ ಮಾಡುವುದು ಇದರ ಕೆಲಸ.

ನಮ್ಮೂರಲ್ಲಿ ಭಾರತ ವಾಚನ ಮಾಡುತ್ತಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉದ್ದೇಶ ಬೇರೆ, ಆದರೆ ಅಭ್ಯಾಸ ನಮಗೆ ಹೊಸದಲ್ಲ. ಕುಮಾರವ್ಯಾಸನನ್ನು, ಲಕ್ಷ್ಮೀಶನನ್ನು ಅಕ್ಷರ ಬಾರದ ಮನೆಗಳಿಗೂ ತಲುಪಿಸಿದ್ದು ಗಮಕಿಗಳು. ಒಬ್ಬರು ವಾಚನ ಮಾಡುತ್ತಿದ್ದರು, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಿದ್ದರು, ಊರು ಕೂತು ಕೇಳುತ್ತಿತ್ತು. ಪುಸ್ತಕವನ್ನು ಹತ್ತು ಜನರ ನಡುವೆ ದನಿ ಎತ್ತಿ ಓದುವುದು ಕನ್ನಡಿಗರಿಗೆ ಸಂಕೋಚದ ಸಂಗತಿಯಾಗಬೇಕಿಲ್ಲ ಎಂದು ಹೇಳಲು ನಾನು ಇದನ್ನು ಖುಷಿಯಿಂದ ನೆನೆಯುತ್ತೇನೆ. ಶಿವಮೊಗ್ಗದ ಹೊಸಹಳ್ಳಿಯಂಥ ಕಡೆ ಗಮಕ ಈಗಲೂ ಜೀವಂತವಾಗಿದೆ.

ಕಬ್ಬನ್ ಪಾರ್ಕಿನಲ್ಲಿ ಶನಿವಾರ ಗುಂಪಾಗಿ ಕೂತು ಓದುತ್ತಾರಲ್ಲ, ಅದೂ ಇದೇಯೇ?

ಅದು ಮೌನ ಓದು. ಪ್ರತಿಯೊಬ್ಬರೂ ತಮ್ಮ ತಮ್ಮ ಪುಸ್ತಕವನ್ನು ತಮಗಾಗಿ ಓದಿಕೊಳ್ಳುತ್ತಾರೆ. ಒಳ್ಳೆಯ ರೂಢಿ, ಆದರೆ ಯಾರ ಪರವಾಗಿಯೂ ನಿಲ್ಲುವ ಕೆಲಸವಲ್ಲ.

ಮನವಿಪತ್ರಕ್ಕೆ ಸಹಿ ಹಾಕುತ್ತೇವೆ, ಖಂಡನಾ ಹೇಳಿಕೆ ಕೊಡುತ್ತೇವೆ. ಅಷ್ಟು ಸಾಲದೇ?

ಅವೂ ಬೇಕು. 2015ರಲ್ಲಿ ಎಂ.ಎಂ. ಕಲಬುರ್ಗಿ ಅವರ ಹತ್ಯೆಯ ನಂತರ ಚಂದ್ರಶೇಖರ ಪಾಟೀಲರು ಪಂಪ ಪ್ರಶಸ್ತಿಯನ್ನು ಹಿಂದಿರುಗಿಸಿದರು. ದೇಶದ ಬೇರೆ ಭಾಷೆಗಳ ಹಲವು ಲೇಖಕರೂ ಪ್ರಶಸ್ತಿಗಳನ್ನು ಮರಳಿಸಿದರು. ಅದಕ್ಕೆ ತೂಕವಿತ್ತು.

ಆದರೆ ಸಹಿ ಹಾಕುವವರು ಪುಸ್ತಕವನ್ನು ಓದಿರಬೇಕೆಂದಿಲ್ಲ. ವಿರೋಧಿಸುವವರೂ ಎಷ್ಟೋ ಸಲ ಓದಿರುವುದಿಲ್ಲ. ಹೀಗೆ ಪುಸ್ತಕದ ಹೆಸರಿನಲ್ಲಿ ಎರಡು ಗುಂಪುಗಳು ಸೆಣಸುತ್ತಿರುವಾಗ ಪುಸ್ತಕ ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ. ಒಟ್ಟಾಗಿ ಓದುವ ಕಾರ್ಯಕ್ರಮ ಬರಹವನ್ನೇ ಮುಂದಕ್ಕೆ ತರುತ್ತದೆ. ಓದುವವನು ಆ ಪುಟವನ್ನು ಮನೆಯಲ್ಲಿ ನಾಲ್ಕಾರು ಸಲ ಓದಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಯೋಚಿಸಬೇಕು, ಅರ್ಥವಾಗದ ಸಾಲನ್ನು ಯಾರನ್ನಾದರೂ ಕೇಳಬೇಕು. ಕೇಳುವವನು ಪತ್ರಿಕೆಯ ತಲೆಬರಹದಿಂದ ಪಡೆದ ಅಭಿಪ್ರಾಯವನ್ನು ಲೇಖಕನ ವಾಕ್ಯದ ಎದುರು ಇಟ್ಟು ನೋಡುತ್ತಾನೆ. ಬೇರಾವ ಪ್ರತಿಭಟನೆಯೂ ಈ ಕೆಲಸವನ್ನು ಇಷ್ಟು ನೇರವಾಗಿ ಮಾಡುವುದಿಲ್ಲ ಎಂಬುದು ನನ್ನ ನಂಬಿಕೆ.

## ನಡೆದ ಓದುಗಳು

ಇದನ್ನು ಮೊದಲು ಶುರು ಮಾಡಿದವರು ಯಾರು?

ಮೊದಲಿಗರು ಇವರೇ ಎಂದು ಒಬ್ಬರ ಹೆಸರು ಹೇಳುವುದು ಸಾಧ್ಯವಿಲ್ಲ. ಆದರೆ ಇದರ ಬೆಲೆಯನ್ನೂ ಬಲವನ್ನೂ ಅರಿಯಲು ಒಂದೇ ಒಂದು ಉದಾಹರಣೆ ಕೊಡಿ ಎಂದರೆ ನಾನು ಮಾಸ್ಕೋದ ಮಾಯಕೋವ್ಸ್ಕಿ ಚೌಕವನ್ನು ತೋರಿಸುತ್ತೇನೆ.

1958ರ ಜುಲೈ 29ರಂದು ಅಲ್ಲಿ ಕವಿ ವ್ಲಾದಿಮಿರ್ ಮಾಯಕೋವ್ಸ್ಕಿಯ ಪ್ರತಿಮೆ ಅನಾವರಣವಾಯಿತು. ಸರ್ಕಾರಿ ಸಮಾರಂಭ, ಸರ್ಕಾರ ಮೆಚ್ಚಿದ ಕವಿಗಳು. ಅವರ ಓದು ಮುಗಿದ ಮೇಲೆ ಗುಂಪಿನಿಂದ ಯಾರೋ ಮುಂದೆ ಬಂದು ಓದತೊಡಗಿದರು, ಅವರ ನಂತರ ಇನ್ನೊಬ್ಬರು. ಸಂಜೆಗಳಲ್ಲಿ ಪ್ರತಿಮೆಯ ಬುಡದಲ್ಲಿ ಸೇರುವುದು ವಿದ್ಯಾರ್ಥಿಗಳಿಗೆ ರೂಢಿಯಾಯಿತು. ತಮ್ಮ ಕವಿತೆಗಳ ಜೊತೆಗೆ, ಸ್ಟಾಲಿನ್ ಕಾಲದಲ್ಲಿ ಮೂಲೆಗೆ ಸೇರಿದ್ದ ಕವಿಗಳನ್ನೂ ಅವರು ಓದುತ್ತಿದ್ದರು. ಅಧಿಕಾರಿಗಳು ಅದನ್ನು ನಿಲ್ಲಿಸಿದರು. 1960ರಲ್ಲಿ ವ್ಲಾದಿಮಿರ್ ಬುಕೋವ್ಸ್ಕಿ ಮತ್ತು ಗೆಳೆಯರು ಮತ್ತೆ ಶುರು ಮಾಡಿದರು. ಯೂರಿ ಗಲಾನ್ಸ್ಕೋವ್ ತನ್ನ ‘ಮಾನವ ಪ್ರಣಾಳಿಕೆ’ ಎಂಬ ಕವಿತೆಯನ್ನು ಓದಿದ್ದು ಅಲ್ಲಿಯೇ.

ಆಗ ಸೋವಿಯತ್ ಒಕ್ಕೂಟದಲ್ಲಿ ಸರ್ಕಾರದ ಒಪ್ಪಿಗೆಯಿಲ್ಲದೆ ಪುಸ್ತಕ ಅಚ್ಚಾಗುತ್ತಿರಲಿಲ್ಲ. ಟೈಪ್ ಮಾಡಿದ ಹಾಳೆಗಳು ಕೈಯಿಂದ ಕೈಗೆ ಗುಟ್ಟಾಗಿ ಸಾಗುತ್ತಿದ್ದವು. ಬಾಯಲ್ಲಿ ಓದುವುದಕ್ಕೆ ಅಚ್ಚಿನ ಯಂತ್ರವೂ ಬೇಡ, ಕಾಗದವೂ ಬೇಡ. ಅದನ್ನು ತಡೆಯಬೇಕೆಂದರೆ ಓದುವವನನ್ನೇ ಹಿಡಿಯಬೇಕು. ಹಾಗೆಯೇ ಮಾಡಿದರು. ಓದಿದವರನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿದರು. ಬುಕೋವ್ಸ್ಕಿಯೂ ಅವರಲ್ಲಿ ಒಬ್ಬ. 1961ರ ಏಪ್ರಿಲ್ 14, ಮಾಯಕೋವ್ಸ್ಕಿಯ ಪುಣ್ಯತಿಥಿ. ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಬಂದು ಎರಡೇ ದಿನಗಳಾಗಿದ್ದವು, ಊರೆಲ್ಲ ಸಂಭ್ರಮದಲ್ಲಿತ್ತು. ಆ ಗದ್ದಲದ ನಡುವೆಯೇ ಚೌಕದಲ್ಲಿ ಓದಿದರು, ಕೈಕೈ ಮಿಲಾಯಿಸುವವರೆಗೆ ಹೋಯಿತು, ಹಲವರನ್ನು ಎಳೆದೊಯ್ದರು. ಅದೇ ವರ್ಷದ ಶರತ್ಕಾಲದಲ್ಲಿ ವ್ಲಾದಿಮಿರ್ ಒಸಿಪೋವ್, ಎಡ್ವರ್ಡ್ ಕುಜ್ನೆತ್ಸೋವ್, ಇಲ್ಯಾ ಬೊಕ್‌ಶ್ಟೇಯ್ನ್ ಬಂಧನಕ್ಕೆ ಒಳಗಾದರು. ಮೊದಲ ಇಬ್ಬರಿಗೆ ಏಳು ವರ್ಷ, ಮೂರನೆಯವರಿಗೆ ಐದು ವರ್ಷ ಶಿಕ್ಷೆಯಾಯಿತು. ಗಲಾನ್ಸ್ಕೋವ್ ಮುಂದೆ ಬೇರೊಂದು ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ 1972ರಲ್ಲಿ ಶ್ರಮ ಶಿಬಿರದಲ್ಲೇ ತೀರಿಕೊಂಡ.

ಸೋವಿಯತ್ ಕಾಲದ ಭಿನ್ನಮತದ ಚಳವಳಿಯ ಎಷ್ಟೋ ಮುಖ್ಯರು ಮೊದಲು ಒಬ್ಬರನ್ನೊಬ್ಬರು ಕಂಡದ್ದು ಆ ಪ್ರತಿಮೆಯ ಬಳಿ. ಕವಿತೆ ಕೇಳಲು ಬಂದವರು ಪರಿಚಿತರಾದರು, ಪರಿಚಿತರು ಜೊತೆಗಾರರಾದರು. ಸಭೆಯನ್ನು ಚದುರಿಸಬಹುದು, ಹೀಗೆ ಬೆಳೆದ ಪರಿಚಯವನ್ನು ಚದುರಿಸುವುದು ಕಷ್ಟ.

ಅದೆಲ್ಲ ಹಳೆಯ ಕಥೆ. ಈಗ ಕವಿತೆ ಓದಿದ್ದಕ್ಕೆ ಯಾರನ್ನು ಜೈಲಿಗೆ ಹಾಕುತ್ತಾರೆ?

ಅದೇ ಚೌಕದಲ್ಲಿ, ಈಚೆಗೇ ಹಾಕಿದ್ದಾರೆ. 2009ರಲ್ಲಿ ಹೊಸ ತಲೆಮಾರು ಅಲ್ಲಿ ಓದನ್ನು ಮತ್ತೆ ಆರಂಭಿಸಿತ್ತು. 2022ರ ಸೆಪ್ಟೆಂಬರ್ 21ರಂದು ರಷ್ಯಾ ಯುಕ್ರೇನ್ ಯುದ್ಧಕ್ಕಾಗಿ ಸೈನ್ಯಕ್ಕೆ ಜನರನ್ನು ಕರೆಸಿಕೊಳ್ಳುವ ಆದೇಶ ಹೊರಡಿಸಿತು. ನಾಲ್ಕು ದಿನಗಳ ನಂತರ ಕೆಲವು ಕವಿಗಳು ಪ್ರತಿಮೆಯ ಬಳಿ ಯುದ್ಧದ ವಿರುದ್ಧ ಓದಿದರು. ಮರುದಿನ ಪೊಲೀಸರು ಓದಿದವರಲ್ಲಿ ಒಬ್ಬನಾದ ಆರ್ತ್ಯೋಮ್ ಕಮಾರ್ದಿನ್ ಮನೆಗೆ ನುಗ್ಗಿದರು. ಬಂಧಿಸುವಾಗ ತನ್ನನ್ನು ಹೊಡೆದು ಲೈಂಗಿಕ ಹಿಂಸೆ ನೀಡಿದರು ಎಂದು ಆತ ಹೇಳಿದ್ದಾನೆ. 2023ರ ಡಿಸೆಂಬರ್ 28ರಂದು ಕಮಾರ್ದಿನ್‌ಗೆ ಏಳು ವರ್ಷ, ಯೆಗೋರ್ ಶ್ತೊವ್ಬಾಗೆ ಐದೂವರೆ ವರ್ಷ ಜೈಲು ಶಿಕ್ಷೆಯಾಯಿತು. ನಿಕೊಲಾಯ್ ದಾಯ್ನೆಕೊಗೆ ಅದಕ್ಕೂ ಮೊದಲೇ ನಾಲ್ಕು ವರ್ಷದ ಶಿಕ್ಷೆಯಾಗಿತ್ತು.

1962ರಲ್ಲಿ ಒಸಿಪೋವ್‌ಗೆ ಏಳು ವರ್ಷ, 2023ರಲ್ಲಿ ಕಮಾರ್ದಿನ್‌ಗೆ ಏಳು ವರ್ಷ. ಆ ನಡುವೆ ಒಂದು ದೇಶವೇ ಒಡೆದು ಹೋಳಾಯಿತು. ಬಹಿರಂಗವಾಗಿ ಓದುವವನ ಬಗ್ಗೆ ಅಧಿಕಾರಕ್ಕಿರುವ ಭಯ ಮಾತ್ರ ಇದ್ದಲ್ಲೇ ಇದೆ.

ಒಬ್ಬ ಕವಿಗಾಗಿ ಒಂದೇ ದಿನ ಹತ್ತಾರು ದೇಶಗಳಲ್ಲಿ ಓದಿದರಂತೆ. ಯಾರು ಆ ಕವಿ?

ಅಶ್ರಫ್ ಫಯಾದ್. ಸೌದಿ ಅರೇಬಿಯಾದಲ್ಲಿ ಹುಟ್ಟಿ ಬೆಳೆದ ಪ್ಯಾಲೆಸ್ಟೀನಿ ಮೂಲದ ಕವಿ, ಕಲಾವಿದ. 2008ರಲ್ಲಿ ಪ್ರಕಟವಾಗಿದ್ದ ಅವರ ಕವನ ಸಂಕಲನವನ್ನೂ ಸೇರಿಸಿಕೊಂಡು ಧರ್ಮತ್ಯಾಗದ ಆರೋಪ ಹೊರಿಸಿ, 2015ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಬರ್ಲಿನ್‌ನ ಅಂತರರಾಷ್ಟ್ರೀಯ ಸಾಹಿತ್ಯ ಉತ್ಸವದವರು ಎಲ್ಲ ಕಡೆಗೂ ಕರೆ ಕಳಿಸಿದರು. 2016ರ ಜನವರಿ 14ರಂದು 44 ದೇಶಗಳಲ್ಲಿ 122 ಕಡೆ ಅವರ ಕವಿತೆಗಳನ್ನು ಓದಲಾಯಿತು. ಕೆಲವು ಓದುಗಳು ದೊಡ್ಡ ಸಭಾಂಗಣಗಳಲ್ಲಿ ನಡೆದರೆ ಕೆಲವು ಪುಸ್ತಕದ ಅಂಗಡಿಗಳಲ್ಲಿ ನಡೆದವು. ಅರೇಬಿಕ್ ಬಾರದ ಸಾವಿರಾರು ಜನ ಆ ದಿನ ಒಬ್ಬ ಅಪರಿಚಿತ ಕವಿಯ ಸಾಲುಗಳನ್ನು ತಮ್ಮ ಭಾಷೆಯಲ್ಲಿ ಕೇಳಿದರು.

ಜೈಪುರದಲ್ಲಿ ರಶ್ದಿ ಪುಸ್ತಕ ಓದಿ ನಾಲ್ವರು ಓಡಿಹೋದರು ಎನ್ನುತ್ತಾರೆ. ನಡೆದದ್ದೇನು?

‘ಓಡಿಹೋದರು’ ಎಂಬ ಮಾತು ಅನ್ಯಾಯದ್ದು. 2012ರ ಜನವರಿಯ ಜೈಪುರ ಸಾಹಿತ್ಯ ಉತ್ಸವಕ್ಕೆ ಸಲ್ಮಾನ್ ರಶ್ದಿ ಬರಬೇಕಿತ್ತು. ಕೊಲೆಗಾರರು ಹೊರಟಿದ್ದಾರೆ ಎಂಬ ಸುದ್ದಿಯನ್ನು ಅವರಿಗೆ ತಲುಪಿಸಲಾಯಿತು, ಅವರು ಬರಲಿಲ್ಲ. ಆ ಸುದ್ದಿಯೇ ಸುಳ್ಳಾಗಿತ್ತೆಂದು ಅವರು ಆಮೇಲೆ ಹೇಳಿದರು. ಉತ್ಸವದ ಮೊದಲ ದಿನ ಹರಿ ಕುಂಜ್ರು, ಅಮಿತಾವ ಕುಮಾರ್, ಜೀತ್ ಥಯಿಲ್, ರುಚಿರ್ ಜೋಶಿ ವೇದಿಕೆಯಲ್ಲಿ, ಧರ್ಮನಿಂದನೆಯ ಆರೋಪ ಹೊತ್ತ ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಭಾಗಗಳನ್ನು ಓದಿದರು. ಯಾರ ಧಾರ್ಮಿಕ ಭಾವನೆಯನ್ನೂ ನೋಯಿಸುವುದಕ್ಕಲ್ಲ, ಬೆದರಿಕೆಯಿಂದ ಬಾಯಿ ಕಟ್ಟಿಸಿಕೊಂಡ ಲೇಖಕನಿಗೆ ದನಿಯಾಗುವುದಕ್ಕೆ ಎಂದು ಕುಂಜ್ರು ಸ್ಪಷ್ಟಪಡಿಸಿದರು. ಉತ್ಸವದ ಸಂಘಟಕರು ಓದು ಅವರವರ ಸ್ವಂತ ಹೊಣೆ ಎಂದು ದೂರ ಸರಿದರು. ದೂರುಗಳು ದಾಖಲಾದವು. ಬಂಧನದ ಅಪಾಯವಿದೆ ಎಂಬ ಸಲಹೆಯ ಮೇಲೆ ಓದಿದ ನಾಲ್ವರು ಜೈಪುರ ಬಿಟ್ಟರು. ಕೊನೆಯ ದಿನ ರಶ್ದಿ ವಿಡಿಯೊ ಮೂಲಕ ಮಾತನಾಡುವುದನ್ನೂ ರದ್ದು ಮಾಡಲಾಯಿತು.

ಹತ್ತು ವರ್ಷಗಳ ನಂತರ, 2022ರ ಆಗಸ್ಟ್ 12ರಂದು, ಅಮೆರಿಕದ ಶಟಾಕ್ವಾದಲ್ಲಿ ರಶ್ದಿ ಅವರಿಗೆ ವೇದಿಕೆಯ ಮೇಲೆಯೇ ಚೂರಿ ಹಾಕಲಾಯಿತು. ಒಂದು ವಾರಕ್ಕೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಪಾಲ್ ಆಸ್ಟರ್, ಕಿರಣ್ ದೇಸಾಯಿ, ಗೇ ಟಲೀಸ್ ಮೊದಲಾದವರು ಅವರ ಬರಹಗಳನ್ನು ಓದಿದರು. ಹರಿ ಕುಂಜ್ರು ಅಲ್ಲಿಯೂ ಇದ್ದರು. ಜೈಪುರದಲ್ಲಿ ಅವರು ನಿಂತದ್ದು ತೋರಿಕೆಗಾಗಿ ಎಂದವರಿಗೆ ಈ ಹತ್ತು ವರ್ಷಗಳೇ ಉತ್ತರ.

ಕರ್ನಾಟಕದಲ್ಲಿ ಇಂಥದ್ದು ನಡೆದಿದೆಯೇ?

ವೇದಿಕೆ ಸಿಗದವರು ತಮ್ಮದೇ ವೇದಿಕೆ ಕಟ್ಟಿಕೊಂಡ ಚರಿತ್ರೆ ನಮ್ಮಲ್ಲಿ ಗಟ್ಟಿಯಾಗಿದೆ. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆ ತಿರಸ್ಕೃತವಾದಾಗ ಲೇಖಕರು ಬೆಂಗಳೂರಿನಲ್ಲಿ ತಾವೇ ಸೇರಿದರು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಹಾಗೆ.

ಹತ್ತಿರದ ಉದಾಹರಣೆ 2020ರದ್ದು. ಆ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಕೊಪ್ಪಳದ ಸಿರಾಜ್ ಬಿಸರಳ್ಳಿ ಪೌರತ್ವದ ದಾಖಲೆಗಳ ಕುರಿತ ಕವಿತೆಯೊಂದನ್ನು ಓದಿದರು. ಅವರ ಮೇಲೆ ಪ್ರಕರಣ ದಾಖಲಾಯಿತು, ಫೆಬ್ರುವರಿಯಲ್ಲಿ ಬಂಧನವಾಗಿ ಜಾಮೀನು ಸಿಕ್ಕಿತು. ಅಷ್ಟರಲ್ಲಿ ಆ ಕವಿತೆ ಹಲವು ಭಾಷೆಗಳಿಗೆ ಅನುವಾದಗೊಂಡು ಕರ್ನಾಟಕದ ಹೊರಗೂ ಓದಿಸಿಕೊಂಡಿತ್ತು.

ಒಂದು ಮಾತನ್ನು ನಮ್ಮವರಿಗೇ ಹೇಳಬೇಕು. ಆಗಸ್ಟ್ 30 ಕಲಬುರ್ಗಿ ಅವರ, ಸೆಪ್ಟೆಂಬರ್ 5 ಗೌರಿ ಲಂಕೇಶರ ಹತ್ಯೆಯ ದಿನ. ಆ ದಿನಗಳ ಸಭೆಗಳಲ್ಲಿ ಭಾಷಣಗಳದ್ದೇ ಮೇಲುಗೈ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳ ಒಂದು ಲೇಖನವನ್ನು, ಗೌರಿಯವರ ಒಂದು ಸಂಪಾದಕೀಯವನ್ನು ಇಡಿಯಾಗಿ ಓದಿದರೆ ಹತ್ತು ಭಾಷಣ ಮಾಡದ ಕೆಲಸವನ್ನು ಅದು ಮಾಡುತ್ತದೆ. ಯಾವ ಬರಹಕ್ಕಾಗಿ ಅವರನ್ನು ಕೊಂದರೋ ಅದನ್ನು ಕೇಳದೆ ಸಭಿಕರು ಮನೆಗೆ ಹೋಗಬಾರದು.

ನಾಟಕದವರಿಗೆ ಇದರಲ್ಲಿ ಪಾಲಿದೆಯೇ?

ದೊಡ್ಡ ಪಾಲಿದೆ. 1989ರ ಜನವರಿ 1ರಂದು ದೆಹಲಿ ಹತ್ತಿರದ ಸಾಹಿಬಾಬಾದಿನ ಝಂಡಾಪುರದಲ್ಲಿ ಬೀದಿ ನಾಟಕ ಆಡುತ್ತಿದ್ದಾಗ ಸಫ್ದರ್ ಹಶ್ಮಿ ತಂಡದ ಮೇಲೆ ದಾಳಿಯಾಯಿತು. ಸಫ್ದರ್ ಮರುದಿನ ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ತಂಡದೊಡನೆ ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಆಡಿ ಮುಗಿಸಿದರು. ಅದು ಓದಲ್ಲ, ಪ್ರದರ್ಶನ. ಆದರೆ ತಡೆದ ಮಾತನ್ನು ತಡೆದ ಜಾಗದಲ್ಲೇ ಪೂರ್ತಿ ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಹೊಳೆಯುವುದಿಲ್ಲ.

2020ರಲ್ಲಿ ಬೆಲಾರುಸ್‌ನ ಚುನಾವಣೆಯ ನಂತರದ ದಮನದ ಬಗ್ಗೆ ಆಂದ್ರೆಯ್ ಕುರೇಯ್ಚಿಕ್ ನಾಟಕವೊಂದನ್ನು ಬರೆದರು. ಕೋವಿಡ್‌ನಿಂದ ರಂಗಮಂದಿರಗಳು ಮುಚ್ಚಿದ್ದ ಕಾಲ. ಅನೇಕ ದೇಶಗಳ ತಂಡಗಳು ಅದನ್ನು ತಮ್ಮ ಭಾಷೆಗಳಲ್ಲಿ, ಬಹುಪಾಲು ಆನ್‌ಲೈನ್‌ನಲ್ಲಿಯೇ ಓದಿದವು.

## ಕಾನೂನು, ಅನುಮತಿ

ನಾನು ವಕೀಲನಲ್ಲ. ಕೆಳಗಿನವು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಕಾರ್ಯಕ್ರಮಕ್ಕೆ ತಕರಾರು ಬರುವ ಸೂಚನೆ ಇದ್ದರೆ ಮೊದಲೇ ವಕೀಲರೊಬ್ಬರ ಜೊತೆ ಮಾತನಾಡಿ.

ನಿಷೇಧವಾದ ಪುಸ್ತಕವನ್ನು ಓದಿದರೆ ಒಳಗೆ ಹಾಕುತ್ತಾರೆಯೇ?

‘ನಿಷೇಧ’ ಎಂಬ ಒಂದೇ ಪದದೊಳಗೆ ಬೇರೆ ಬೇರೆ ಕ್ರಮಗಳಿವೆ. ರಾಜ್ಯ ಸರ್ಕಾರ ಪುಸ್ತಕದ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಒಂದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿದ್ದ ಈ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿನಲ್ಲಿದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ಆದದ್ದು ಇದೇ. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರು. 2007ರಲ್ಲಿ ಕೋರ್ಟ್ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಅಂಥ ಕೃತಿಯನ್ನು ಸಾರ್ವಜನಿಕವಾಗಿ ಓದುವುದರಲ್ಲಿ ಅಪಾಯ ಹೆಚ್ಚು.

ಇನ್ನೊಂದು, ಆಮದಿಗೆ ತಡೆ. ರಶ್ದಿ ಕಾದಂಬರಿಗೆ 1988ರಲ್ಲಿ ಹಾಕಿದ್ದು ಇದು. ಆ ಅಧಿಸೂಚನೆಯ ಪ್ರತಿಯನ್ನು ಯಾರಿಂದಲೂ ಹಾಜರುಪಡಿಸಲಾಗಲಿಲ್ಲವಾದ್ದರಿಂದ, ಅದು ಇಲ್ಲವೆಂದೇ ಭಾವಿಸಬೇಕಾಗುತ್ತದೆ ಎಂದು 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಮೂವತ್ತಾರು ವರ್ಷ ದೇಶವನ್ನು ಹೆದರಿಸಿದ ಕಾಗದ ಹುಡುಕಿದಾಗ ಸಿಗಲಿಲ್ಲ.

ಬಹಳಷ್ಟು ಪುಸ್ತಕಗಳ ಮೇಲೆ ಇವೆರಡೂ ಇರುವುದಿಲ್ಲ. ಗುಂಪಿನ ಗಲಾಟೆಗೆ ಅಂಗಡಿಯವರು ಅವನ್ನು ಒಳಗಿಟ್ಟಿರುತ್ತಾರೆ, ಅಷ್ಟೇ. ಆದ್ದರಿಂದ ಮೊದಲು ಆದೇಶದ ಪ್ರತಿ ಕೇಳಿ.

ಪೊಲೀಸರ ಅನುಮತಿ ಬೇಕೇ?

ಖಾಸಗಿ ಸಭಾಂಗಣದಲ್ಲಿ ನಡೆಸಿದರೆ ಮುಖ್ಯವಾಗಿ ಬೇಕಾದ್ದು ಅದರ ಮಾಲೀಕರ ಒಪ್ಪಿಗೆ. ಅವರಿಗೆ ಏನನ್ನು ಓದುತ್ತೀರಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಬೀದಿ, ಉದ್ಯಾನ, ಮೈದಾನವಾದರೆ ಸ್ಥಳೀಯ ಠಾಣೆಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಧ್ವನಿವರ್ಧಕಕ್ಕೆ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ನಿಷೇಧಾಜ್ಞೆ ಜಾರಿಯಲ್ಲಿದೆಯೇ ಎಂದು ವಿಚಾರಿಸಿ. ಬೆಂಗಳೂರಿನಲ್ಲಿ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿ 2021ರಲ್ಲಿ ಆದೇಶ ಹೊರಡಿತು.

ಆ ಜಾಗ ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. ತುರ್ತು ಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರನ್ನು ತಿಂಗಳುಗಟ್ಟಲೆ ಇಟ್ಟದ್ದು ಅಲ್ಲಿಯೇ. ಆರೋಗ್ಯ ಪೂರ್ತಿ ಹದಗೆಟ್ಟ ಮೇಲೆ ಹೊರಬಿಟ್ಟರು, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಅಲ್ಲಿ ಓದುವ ಕಲಾವಿದರಿಗೆ ಈ ವಿಷಯ ಗೊತ್ತಿರಬೇಕು.

ಲೇಖಕರನ್ನೋ ಪ್ರಕಾಶಕರನ್ನೋ ಕೇಳದೆ ಓದಬಹುದೇ?

ಪ್ರಕಟವಾದ ಕೃತಿಯ ಮಿತವಾದ ಭಾಗಗಳನ್ನು ಸಾರ್ವಜನಿಕವಾಗಿ ಓದುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಇಡೀ ಪುಸ್ತಕ ಓದುವುದಾದರೆ, ಟಿಕೆಟ್ ಇಡುವುದಾದರೆ ಅಥವಾ ಧ್ವನಿಮುದ್ರಣ ಮಾಡಿ ಹಂಚುವುದಾದರೆ ಲಿಖಿತ ಒಪ್ಪಿಗೆ ಪಡೆಯಿರಿ. ಅನುವಾದಕರಿಗೂ ಹಕ್ಕಿದೆ ಎಂಬುದನ್ನು ನಮ್ಮಲ್ಲಿ ಮರೆಯುತ್ತಾರೆ. ಅವರ ಹೆಸರನ್ನು ವೇದಿಕೆಯಿಂದ ಹೇಳುವುದು ಕನಿಷ್ಠ ಮರ್ಯಾದೆ.

ಕವಿತೆಯ ಮೇಲೆ ಎಫ್‌ಐಆರ್ ಆದರೆ ನ್ಯಾಯಾಲಯ ನಮ್ಮ ಕೈಹಿಡಿಯುತ್ತದೆಯೇ?

ಹಿಡಿದ ಉದಾಹರಣೆಗಳಿವೆ. ಗಲಭೆಯಾಗುತ್ತದೆ ಎಂಬ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ ಎಂದು 1989ರಲ್ಲಿಯೇ ಎಸ್. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೆದರಿಕೆಗೆ ನೊಂದು ತನ್ನೊಳಗಿನ ಲೇಖಕ ಸತ್ತನೆಂದು ಸಾರಿದ್ದ ತಮಿಳಿನ ಪೆರುಮಾಳ್ ಮುರುಗನ್ ಅವರಿಗೆ, ಮತ್ತೆ ಎದ್ದು ಬರೆಯಿರಿ ಎಂದು 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪಗಢಿ ಹಂಚಿಕೊಂಡಿದ್ದ ಕವಿತೆಯ ಮೇಲಿನ ಎಫ್‌ಐಆರ್ ಅನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಮಾತಿನ ಪರಿಣಾಮವನ್ನು ಅಳೆಯುವಾಗ ಗಟ್ಟಿ ಮನಸ್ಸಿನ, ವಿವೇಕವುಳ್ಳ ಜನರ ಅಳತೆಯನ್ನು ಬಳಸಬೇಕು, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲರ ಅಳತೆಯನ್ನಲ್ಲ ಎಂಬುದು ಅದರ ಸಾರ.

ಆದರೆ ತೀರ್ಪು ಬರುವ ಹೊತ್ತಿಗೆ ಅಲೆದಾಟ, ಖರ್ಚು, ನಿದ್ದೆಗೆಟ್ಟ ರಾತ್ರಿಗಳು ಆಗಿಹೋಗಿರುತ್ತವೆ. ಗುಂಪುಗಳ ನಡುವೆ ದ್ವೇಷ ಹುಟ್ಟಿಸಿದ, ಧಾರ್ಮಿಕ ಭಾವನೆ ಕೆರಳಿಸಿದ ಆರೋಪಕ್ಕೆ ಬಳಸುವ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೇ ಕಲಮುಗಳನ್ನು ಹಾಕುವುದು ಸುಲಭ, ತೆಗೆಸುವುದು ಕಷ್ಟ. ಗೆಲ್ಲುತ್ತೇವೆಂಬ ಧೈರ್ಯದ ಜೊತೆಗೆ ವಕೀಲರ ಫೋನ್ ನಂಬರ್ ಕೂಡ ಇರಲಿ.

## ಕಷ್ಟದ ಪ್ರಶ್ನೆಗಳು

ಇಷ್ಟೆಲ್ಲ ಓದಿ ಯಾರಾದರೂ ಜೈಲಿನಿಂದ ಬಿಡುಗಡೆಯಾಗಿದ್ದಾರೆಯೇ?

ಫಯಾದ್ ಅವರ ಮರಣದಂಡನೆ 2016ರ ಫೆಬ್ರುವರಿಯಲ್ಲಿ, ಜಗತ್ತಿನಾದ್ಯಂತ ಓದಿದ ಮೂರು ವಾರಗಳೊಳಗೆ ರದ್ದಾಯಿತು. ಬದಲಿಗೆ ಎಂಟು ವರ್ಷ ಜೈಲು ಮತ್ತು 800 ಛಡಿಯೇಟು. ಅವರು ಹೊರಬಂದದ್ದು 2022ರಲ್ಲಿ. ಓದಿದ್ದರಿಂದಲೇ ಜೀವ ಉಳಿಯಿತು ಎಂದು ನಾನು ಹೇಳಲಾರೆ. ಅದರ ಜೊತೆಗೆ ಅವರ ವಕೀಲರು ಹೋರಾಡಿದ್ದರು, ಹಲವು ಸಂಸ್ಥೆಗಳು ಒತ್ತಡ ಹಾಕಿದ್ದವು.

ಲಿಯು ಶಿಯಾಬೊ ವಿಷಯದಲ್ಲಿ ಆದದ್ದು ಬೇರೆ. ಅವರಿಗೆ ಹನ್ನೊಂದು ವರ್ಷ ಶಿಕ್ಷೆಯಾದ ವಾರದೊಳಗೆ, 2009ರ ಡಿಸೆಂಬರ್ 31ರಂದು, ಇ.ಎಲ್. ಡಾಕ್ಟರೋವ್, ಡಾನ್ ಡಿಲಿಲೊ ಮುಂತಾದ ಅಮೆರಿಕನ್ ಲೇಖಕರು ನ್ಯೂಯಾರ್ಕಿನ ಅದೇ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಅವರಿಗಾಗಿ ಓದಿದರು. ನೊಬೆಲ್ ಬಂತು. ಆದರೂ 2017ರ ಜುಲೈ 13ರಂದು ಅವರು ಬಂಧನದಲ್ಲಿದ್ದಂತೆಯೇ ಕ್ಯಾನ್ಸರ್‌ನಿಂದ ತೀರಿಕೊಂಡರು.

ಬಿಡುಗಡೆಯ ಭರವಸೆ ಕೊಟ್ಟು ಜನರನ್ನು ಕರೆಯಬೇಡಿ. ಬಂಧಿತನ ಹೆಸರು ಸುದ್ದಿಯಿಂದ ಜಾರಿಹೋಗದಂತೆ ನೋಡಿಕೊಳ್ಳುವುದು, ಅವನ ಮನೆಯವರು ಒಂಟಿಯಲ್ಲ ಎಂದು ತಿಳಿಸುವುದು, ಬರಹವನ್ನು ಹೊಸ ಓದುಗರಿಗೆ ಮುಟ್ಟಿಸುವುದು ನಮ್ಮ ಕೈಯಲ್ಲಿದೆ. ಇಷ್ಟಕ್ಕಾದರೂ ಓದಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಆ ಲೇಖಕರ ವಿಚಾರ ನನಗೆ ಒಪ್ಪಿಗೆಯಿಲ್ಲ. ನಾನು ಯಾಕೆ ಓದಬೇಕು?

ಓದುವುದು ಒಪ್ಪಿಕೊಂಡ ಹಾಗಲ್ಲ. ಮೆಚ್ಚಿದವರು ಮಾತ್ರ ಓದಿದರೆ ಅದು ಅಭಿಮಾನಿಗಳ ಕೂಟವಾಗುತ್ತದೆ. ಒಪ್ಪದವರೊಬ್ಬರು ಎದ್ದು ನಿಂತು, ‘ಇದನ್ನು ನಾನು ಒಪ್ಪುವುದಿಲ್ಲ, ಆದರೆ ಇದಕ್ಕಾಗಿ ಇವರನ್ನು ಮುಟ್ಟಕೂಡದು’ ಎಂದು ಹೇಳಿ ಒಂದು ಪುಟ ಓದಿದರೆ ಸಭೆಯ ಹವೆಯೇ ಬದಲಾಗುತ್ತದೆ. ನಮ್ಮ ಬಳಗದ ಲೇಖಕರಿಗೆ ಮಾತ್ರ ಅಭಿವ್ಯಕ್ತಿ ಸ್ವಾತಂತ್ರ್ಯ ಕೇಳುತ್ತೇವೆ ಎಂಬ ಆಪಾದನೆ ಕನ್ನಡದ ಎಲ್ಲ ಪಂಗಡಗಳ ಮೇಲೂ ಇದೆ, ಮತ್ತು ಅದರಲ್ಲಿ ಸತ್ಯವಿದೆ. ಒಪ್ಪದ ಲೇಖಕನಿಗಾಗಿ ಓದಿದರೆ ಮಾತ್ರ ಅದಕ್ಕೆ ಉತ್ತರ ಸಿಗುತ್ತದೆ.

ಹಾಗಾದರೆ ಒಂದು ಸಮುದಾಯವನ್ನು ಕೊಲ್ಲಿ ಎಂದು ಬರೆದವನನ್ನೂ ಓದುತ್ತೀರಾ?

ಇಲ್ಲ. ಒಂದು ನಂಬಿಕೆಯನ್ನು ಟೀಕಿಸುವ, ಗೇಲಿ ಮಾಡುವ ಬರಹ ಬೇರೆ. ಇಂಥವರ ಮನೆಗೆ ಬೆಂಕಿ ಹಚ್ಚಿ ಎಂಬ ಬರಹ ಬೇರೆ. ಎರಡನೆಯದು ಬೇರೆಯವರ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸಲು ಹೊರಟಿರುತ್ತದೆ. ಈ ಎರಡರ ನಡುವೆ ಗೊಂದಲದ ಪ್ರದೇಶವೂ ಇದೆ. ಅಲ್ಲಿರುವ ಬರಹವನ್ನು ಆರಿಸುವ ಮೊದಲು, ಅದರಿಂದ ನೋವಾಗಬಹುದಾದವರ ಎದುರು ಕೂತು ಮಾತನಾಡಿ. ಅವರಿಲ್ಲದ ಕೋಣೆಯಲ್ಲಿ ಅವರ ನೋವಿನ ಬಗ್ಗೆ ತೀರ್ಮಾನ ಮಾಡಬೇಡಿ.

ವಿವಾದವಾದ ಪ್ಯಾರಾವನ್ನೇ ಓದಬೇಕೇ, ಅದನ್ನು ಬಿಟ್ಟು ಓದಬೇಕೇ?

ಅದೊಂದನ್ನೇ ಕಿತ್ತು ಓದಬೇಡಿ, ವಿರೋಧಿಗಳು ಮಾಡಿದ್ದೂ ಅದನ್ನೇ. ಅಧ್ಯಾಯವನ್ನು ಪೂರ್ತಿ ಓದಿ, ಆ ಪ್ಯಾರಾ ಅದರ ಜಾಗದಲ್ಲಿ ಬರಲಿ. ಹಿಂದುಮುಂದಿನ ಪುಟಗಳೊಡನೆ ಕೇಳಿದಾಗ, ಲೇಖಕ ಹೇಳಿದ್ದಾನೆ ಎನ್ನಲಾದ ಮಾತು ಒಂದು ಪಾತ್ರದ ಮಾತು ಎಂಬುದು ಎಷ್ಟೋ ಜನರಿಗೆ ಮೊದಲ ಬಾರಿಗೆ ಗೊತ್ತಾಗುತ್ತದೆ. ಸಮಯ ಸಾಲದಿದ್ದರೆ ಬೇರೆ ಅಧ್ಯಾಯ ಆರಿಸಿ. ಆ ಲೇಖಕರ ಕೈಯ ಗುಣ ತಿಳಿಯುವಂಥದ್ದು ಸಿಕ್ಕಿದರೆ ಸಾಕು.

ಹೊರದೇಶದ ಕವಿಯನ್ನು ಕನ್ನಡದಲ್ಲಿ ಓದಿದರೆ ಅವನಿಗೇನು ಪ್ರಯೋಜನ?

ಇಂಥ ಭಾಷೆಯಲ್ಲೂ ಓದಿದರು ಎಂಬ ಸುದ್ದಿ ವಕೀಲರ ಮೂಲಕ, ಮನೆಯವರ ಪತ್ರಗಳ ಮೂಲಕ ಸೆರೆಮನೆಯವರೆಗೂ ಹೋಗಬಲ್ಲದು. ಕನ್ನಡಕ್ಕೂ ಲಾಭವಿದೆ. ಓದಬೇಕೆಂದರೆ ಅನುವಾದವಾಗಬೇಕು, ಹಾಗೆ ಮಾಡಿದ ನಾಲ್ಕು ಕವಿತೆಗಳು ಕಾರ್ಯಕ್ರಮ ಮುಗಿದ ಮೇಲೂ ನಮ್ಮಲ್ಲೇ ಉಳಿಯುತ್ತವೆ. ಇಂಗ್ಲಿಷಿನ ಮೂಲಕ ಅನುವಾದಿಸುವಾಗ ಮೂಲ ಭಾಷೆ ಬಲ್ಲವರೊಬ್ಬರಿಗೆ ತೋರಿಸಿ. ಅಪಾಯದಲ್ಲಿರುವ ಕವಿಯ ಸಾಲು ತಪ್ಪಾದರೆ ಅದರ ಹೊರೆಯನ್ನು ಅವನೇ ಹೊರಬೇಕಾಗಬಹುದು.

ಲೇಖಕರೇ ‘ದಯವಿಟ್ಟು ಓದಬೇಡಿ’ ಎಂದರೆ?

ಓದಬೇಡಿ. ಗದ್ದಲ ಹೆಚ್ಚಾದರೆ ಮಕ್ಕಳಿಗೆ, ಕೆಲಸಕ್ಕೆ, ಜಾಮೀನಿಗೆ ತೊಂದರೆ ಎಂದು ಅವರು ಹೆದರಿರಬಹುದು. ಆ ಊರಿನಲ್ಲಿ ನಾಳೆಯೂ ಬಾಳಬೇಕಾದವರು ಅವರು. ಲೇಖಕರು ಸಂಪರ್ಕಕ್ಕೆ ಸಿಗದಿದ್ದರೆ ಮನೆಯವರನ್ನು, ವಕೀಲರನ್ನು ಕೇಳಿ. ಅವರ ಧೈರ್ಯವನ್ನು ನಾವು ನಿಗದಿ ಮಾಡುವಂತಿಲ್ಲ.

ಪ್ರಸಿದ್ಧರನ್ನು ಕರೆಯದಿದ್ದರೆ ಯಾರು ಬರುತ್ತಾರೆ? ಹತ್ತೇ ಜನ ಬಂದರೆ?

ಪ್ರಸಿದ್ಧರು ಬಂದರೆ ಪತ್ರಿಕೆಯವರು ಬರುತ್ತಾರೆ, ಅದು ಉಪಯೋಗವೇ. ಆದರೆ ಓದುವವರ ಪಟ್ಟಿಯಲ್ಲಿ ಕಾಲೇಜಿನ ಹುಡುಗಿ, ಗ್ರಂಥಪಾಲಕರು, ಬಸ್ ಕಂಡಕ್ಟರ್, ನಿವೃತ್ತ ಮೇಷ್ಟ್ರು ಇರಲಿ. ಹೆಸರಾಂತರು ಐದು ನಿಮಿಷ ಓದಿ ಮೂವತ್ತು ನಿಮಿಷ ಮಾತನಾಡುವುದನ್ನು ಸಂಘಟಕರು ತಡೆಯಬೇಕು. ಪ್ರತಿಯೊಬ್ಬರಿಗೂ ಪುಟ ಗುರುತು ಮಾಡಿ ಕೊಟ್ಟರೆ ಇದು ಸಾಧ್ಯ. ಹತ್ತೇ ಜನ ಬಂದರೆ ವೇದಿಕೆ, ಮೈಕು ಬಿಟ್ಟು ಕುರ್ಚಿಗಳನ್ನು ದುಂಡಗೆ ಹಾಕಿಕೊಳ್ಳಿ, ಬಂದವರೆಲ್ಲ ಒಂದೊಂದು ಪುಟ ಓದಲಿ.

ವಿಡಿಯೊ ಮಾಡಿ ಹಾಕಬಹುದೇ?

ಓದುವ ಪ್ರತಿಯೊಬ್ಬರನ್ನೂ ಮೊದಲೇ ಕೇಳಿ, ಆಮೇಲೆ ಹಾಕಿ. ಸರ್ಕಾರಿ ನೌಕರರು, ವಿದ್ಯಾರ್ಥಿಗಳು, ಮನೆಯಲ್ಲಿ ವಿರೋಧವಿರುವವರು ಮುಖ ತೋರಿಸಲು ಬಯಸದಿರಬಹುದು. ಅವರಿಗಾಗಿ ಧ್ವನಿಯನ್ನಷ್ಟೇ ದಾಖಲಿಸಿ. ಪ್ರೇಕ್ಷಕರ ಮುಖಗಳು ಬೀಳದಂತೆ ಕ್ಯಾಮೆರಾ ಇಡಿ. ಇನ್ನೊಂದು ವಿಷಯ: ಒಂದು ನಿಮಿಷದ ತುಣುಕುಗಳನ್ನು ಹರಿಯಬಿಡುವ ಮೊದಲು ಪೂರ್ತಿ ಓದನ್ನು ಹಾಕಿ. ತುಣುಕಿನಿಂದ ತಕರಾರು ಎದ್ದರೆ, ಇಡಿಯಾಗಿ ಏನು ಓದಿದೆವು ಎಂದು ಠಾಣೆಯಲ್ಲಿ ತೋರಿಸಲು ನಿಮ್ಮ ಬಳಿ ದಾಖಲೆ ಇರುತ್ತದೆ.